ಒಂಟಿ ಮನುಷ್ಯನ ಮುಖ

ಅಣವೀರಪ್ಪನ ಮುಖ ಅಂಥ ಮುಖವಾಗಿರದಿದ್ದರೆ ಈ ರಗಳೆ ಯಾವುದೂ ಆಗುತ್ತಿರಲಿಲ್ಲ.

ಅಂಥ ಮುಖವೆಂದರೆ ಕುರೂಪವೇನಲ್ಲ. ಉದ್ದನೆಯ ಗಲ್ಲ, ಕೆಳಕ್ಕೆ ಇಳಿಬಿದ್ದ ಮೀಸೆ, ಪಡವಲಕಾಯಿಯಂತೆ ಜೋತ ಕೆನ್ನೆ. ಅವನು ಬಾಂಬೆಯ ಮಸ್ಜಿದ್ ಬಂದರಿನ ಒಂದು ಸಾಗಾಣಿಕೆ ಕಂಪನಿಯಲ್ಲಿ ಗುಮಾಸ್ತ. ಸಾಮಾನು ಇನ್ನೂ ಬಂದಿಲ್ಲವೆಂದು ಮುಷ್ಟಿ ಬಿಗಿದುಕೊಂಡು ಬಂದ ವ್ಯಾಪಾರಿಗಳು ಕೂಡ ಕೌಂಟರಿನ ಆಚೆಯ ಆ ಮುಖ ಕಂಡ ಕೂಡಲೇ ದನಿ ತಗ್ಗಿಸಿ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿ ಹೋಗುತ್ತಿದ್ದರು.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಲಕ್ಷ್ಮವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ. ಮುಲುಂಡಿನ ಬಿಲ್ಡಿಂಗಿನ ಎರಡನೆಯ ಮಾಳಿಗೆಯ ಎರಡು ಕೋಣೆಗಳಲ್ಲಿ ಅವನೊಬ್ಬನೇ ಇದ್ದ. ಸಂಜೆ ಬೀಗ ತೆಗೆದರೆ ಲೋಟ ಇಟ್ಟಲ್ಲೇ ಲೋಟ, ಟವೆಲ್ ಬಿಸಾಕಿದಲ್ಲೇ ಟವೆಲ್. ಒಮ್ಮೆ ಯಾವುದೋ ಬೆಕ್ಕು ಕಿಟಕಿಯಿಂದ ನುಗ್ಗಿ ಹಾಲು ಚೆಲ್ಲಿ ಹೋಗಿತ್ತು. ಅಣವೀರಪ್ಪನಿಗೆ ಸಿಟ್ಟು ಬರಲಿಲ್ಲ. ಅಂತೂ ಯಾರೋ ಬಂದು ಹೋದರಲ್ಲ ಎಂದು ಒಂದು ನಮೂನೆ ಸಮಾಧಾನವಾಯಿತು. ಮರುದಿನದಿಂದ ಕಿಟಕಿ ತೆರೆದಿಟ್ಟೇ ಕೆಲಸಕ್ಕೆ ಹೋದ. ಬೆಕ್ಕು ಮತ್ತೆ ಬರಲಿಲ್ಲ.

ಎಪ್ಪತ್ತಮೂರರ ಚಳಿಗಾಲದ ಒಂದು ಬುಧವಾರ ಸಂಜೆ, ಲೋಕಲ್ ರೈಲಿನಲ್ಲಿ ಎದುರು ಸೀಟಿನ ಗಡ್ಡದ ಹುಡುಗನೊಬ್ಬ ಅವನನ್ನೇ ದಿಟ್ಟಿಸುತ್ತಿದ್ದ. ದಾದರದಿಂದ ಘಾಟ್ಕೋಪರದವರೆಗೂ ಕಣ್ಣು ತೆಗೆಯಲಿಲ್ಲ. ಅಣವೀರಪ್ಪ ಮೆಲ್ಲಗೆ ಕಿಸೆಯ ಮೇಲೆ ಕೈಯಿಟ್ಟುಕೊಂಡ.

"ಸರ್, ಕೈಯಲ್ಲಿ ಕನ್ನಡ ಪೇಪರ್ ಇದೆ. ಕನ್ನಡದವರಲ್ವಾ?" ಹುಡುಗ ಮುಂದಕ್ಕೆ ಬಾಗಿದ. "ನಿಮ್ಮ ಮುಖ ನನಗೆ ಬೇಕು."

"ಯಾಕ್ರಿ? ನಾ ಏನ್ ಮಾಡೀನಿ?"

ಹುಡುಗನ ಹೆಸರು ಶೇಖರ. ಫೋರ್ಟಿನ ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸ. ಗೆಳೆಯರನ್ನು ಕಟ್ಟಿಕೊಂಡು 'ತ್ರಿಧಾರಾ' ಎಂಬ ತಂಡ ಮಾಡಿದ್ದ. ಪ್ರಾಯೋಗಿಕ ನಾಟಕದ ತಂಡ.

"ಸ್ಟೇಜ್ ಮೇಲೆ ಒಬ್ಬರು ಹಾಡ್ತಾರೆ ಸರ್, ಒಬ್ಬರು ಡಾನ್ಸ್ ಮಾಡ್ತಾರೆ, ಒಬ್ಬ ಪೇಂಟರ್ ಅಲ್ಲೇ, ಜನರ ಎದುರಿಗೇ, ದೊಡ್ಡ ಬಟ್ಟೆ ಮೇಲೆ ಚಿತ್ರ ಬರೀತಾನೆ. ಹಾಡು ಕೇಳಿ ಕುಣಿತ, ಕುಣಿತ ನೋಡಿ ಬಣ್ಣ. ಮೂರೂ ಸೇರಿ ಒಂದೇ ನಾಟಕ."

"ಮಾತು?"

"ಮಾತಿಲ್ಲ."

"ಕತಿ?"

"ಕತೆನೂ ಇಲ್ಲ. ನಾಟಕದ ಹೆಸರು 'ಒಂಟಿ ಮನುಷ್ಯ'. ನಡುವೆ ಕುರ್ಚಿ ಮೇಲೆ ಒಬ್ಬ ಮನುಷ್ಯ ಕೂತಿರ್ತಾನೆ. ಅವನ ಮುಖವನ್ನೇ ಪೇಂಟರ್ ಬರೀತಾನೆ. ಆ ಮನುಷ್ಯನಿಗಾಗಿ ಇಡೀ ಬಾಂಬೆ ಹುಡುಕಿದೆ ಸರ್. ಆಕ್ಟರುಗಳ ಮುಖದಲ್ಲಿ ಅದು ಬರೋದೇ ಇಲ್ಲ."

"ಮತ್ತ ನಾ ಏನ್ ಮಾಡಬೇಕ್ರಿ?"

"ಏನೂ ಮಾಡಬಾರದು. ಕೂತಿರಬೇಕು, ಅಷ್ಟೆ."

ಅಣವೀರಪ್ಪನಿಗೆ ಇದು ಕಷ್ಟದ ಕೆಲಸವೆನಿಸಲಿಲ್ಲ. ಮೂರು ವರ್ಷದಿಂದ ಸಂಜೆ ಹೊತ್ತು ಅದನ್ನೇ ಮಾಡುತ್ತಿದ್ದ. ಪ್ರಯೋಗ ಭಾನುವಾರ ಮಧ್ಯಾಹ್ನ, ಮಾಟುಂಗದ ಶಾಲೆಯೊಂದರ ಹಾಲ್‌ನಲ್ಲಿ. ರಿಹರ್ಸಲ್ ಇಲ್ಲ. ಪೇಂಟರ್ ಅವನನ್ನು ಮೊದಲ ಸಲ ನೋಡುವುದೇ ಪರದೆ ಸರಿದ ಮೇಲೆ. ಕೈಯಲ್ಲಿ ತಾಜಾತನ ಇರಬೇಕಂತೆ. ಆಟ ಮುಗಿದ ಮೇಲೆ ಚಿತ್ರ ಅಣವೀರಪ್ಪನಿಗೇ. ಮುಲುಂಡಿನಲ್ಲಿ ಇಳಿಯುವಾಗ ಶೇಖರ ಅವನ ಕೈ ಹಿಡಿದುಕೊಂಡು ಹೇಳಿದ, "ಒಂದೇ ಕಂಡಿಷನ್ ಸರ್. ಇದೇ ಅಂಗಿ, ಇದೇ ಮುಖ. ಏನೂ ಬದಲಾಯಿಸಬೇಡಿ. ಹೀಗೇ ಬನ್ನಿ."

ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಬ್ಬನೇ ಉಣ್ಣುವುದು ಅಣವೀರಪ್ಪನಿಂದಾಗಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕ ಮೋನಪ್ಪನಿಗೆ ಹೇಳಿಬಿಟ್ಟ.

ಮೋನಪ್ಪ ಪಕ್ಕದ ಮನೆಯವನು. ಉಡುಪಿ ಕಡೆಯವನು, ಕುರ್ಲಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವನ ಎರಡು ಕೋಣೆಗಳಲ್ಲಿ ಹೆಂಡತಿ ವಾರಿಜಾ, ನಾಲ್ಕು ಮಕ್ಕಳು, ಅತ್ತೆ, ಕೆಲಸ ಹುಡುಕಲು ಬಂದು ಊಟ ಮಾತ್ರ ಹುಡುಕಿಕೊಂಡಿದ್ದ ಭಾವಮೈದ. ಆ ಮನೆಯ ಬಾಗಿಲು ತೆರೆದರೆ ಸಂಜೆಯ ಫಾಸ್ಟ್ ಲೋಕಲ್ಲಿನ ಬಾಗಿಲು ತೆರೆದ ಹಾಗೆ ಯಾರಾದರೊಬ್ಬರು ಹೊರಗೆ ಬೀಳುತ್ತಿದ್ದರು. ಮೋನಪ್ಪನಿಗೆ ಹೇಳಿದ್ದು ಊಟದ ಹೊತ್ತಿಗೆ ಬಿಲ್ಡಿಂಗಿಗೆಲ್ಲ ಗೊತ್ತಾಯಿತು. ಮೂರು ವರ್ಷ ಯಾರೂ ತಟ್ಟದ ಅಣವೀರಪ್ಪನ ಬಾಗಿಲನ್ನು ಒಂದೇ ಸಮನೆ ತಟ್ಟತೊಡಗಿದರು. ತಟ್ಟಿದಾಗಲೆಲ್ಲ ಅವನು ಓಡಿಹೋಗಿ ತೆರೆದ.

ಭಾನುವಾರ ಬೆಳಿಗ್ಗೆ ಕಸ್ತೂರಿಬಾಯಿ ಬಂದಳು. ಕೆಳಗಿನ ಮಾಳಿಗೆಯ ಕಲಬುರ್ಗಿ ಕಡೆಯ ಹಿರಿಯಳು, ಬಿಲ್ಡಿಂಗಿನವರಿಗೆಲ್ಲ ಚಿಕ್ಕಮ್ಮನಂತೆ, ಕಾಕೂ. ಯಾರ ಮನೆಯಲ್ಲಿ ಏನು ಕುದಿಯುತ್ತಿದೆ ಎಂದು ಮೆಟ್ಟಿಲಲ್ಲೇ ನಿಂತು ಹೇಳಬಲ್ಲವಳು. ಅವಳ ಹಿಂದೆ ಮೋನಪ್ಪ, ವಾರಿಜಾ.

"ಅಣವೀರಪ್ಪ, ಇದೇ ಮಾರಿ ಹೊತ್ಕೊಂಡು ಹೋಗಾಂವ ಏನು? ಮಣ್ಣಿಗಿ ಹೋಗಿ ಬಂದವರಂಗ ಕಾಣ್ತಿ."

"ಹಂಗೇ ಬಾ ಅಂದಾರ ಕಾಕೂ."

"ಅವರು ಅಂತಾರ. ನಾಳಿ ಮಂದಿ ನಮ್ಮ ಬಿಲ್ಡಿಂಗಿಗಿ ಅಂತಾರ. ಹೆಂಡ್ತಿ ಇಲ್ಲದಾಂವನ್ನ ಹೀಂಗ ಕಳಿಸ್ಯಾರ, ನೋಡವರು ಕೇಳವರು ಒಬ್ಬರೂ ಇಲ್ಲೇನು ಅಂತ. ಕುಂದ್ರು ಇಲ್ಲಿ."

"ಹೌದು ಮಾರಾಯ್ರೆ," ಎಂದ ಮೋನಪ್ಪ. "ನಮ್ಮ ಹೋಟೆಲಿನಲ್ಲಿ ಗೋಡೆಗೆ ದೇವರ ಫೋಟೋ ಹಾಕುವ ಮೊದಲು ಕೂಡ ಒರೆಸ್ತೇವೆ. ನೀವು ಸ್ಟೇಜಿಗೆ ಹೋಗುವವರು."

ಮೋನಪ್ಪನ ಕೈಯಲ್ಲಿ ಒಂದು ಸೀಸೆಯಿತ್ತು. ಕಲಪು. ಕೂದಲಿಗೆ ಹಚ್ಚುವ ಕಪ್ಪು.

ಅಣವೀರಪ್ಪ ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕಸ್ತೂರಿಬಾಯಿ ಅವನ ತಲೆಯನ್ನು ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು, ನೆತ್ತಿಯ ಮೇಲೆ ಬೆರಳಾಡಿಸಿ ಬೈತಲೆ ತೆಗೆದಳು. ಕ್ಷೌರದವನನ್ನು ಬಿಟ್ಟರೆ ಮೂರು ವರ್ಷದಲ್ಲಿ ಅವನ ತಲೆ ಮುಟ್ಟಿದವರಿರಲಿಲ್ಲ. ಕ್ಷೌರದವನ ಕೈಯಲ್ಲಿ ಆತುರವಿರುತ್ತದೆ; ಈ ಕೈಯಲ್ಲಿ ಬೈಗುಳವಿತ್ತು, ಸಲಿಗೆಯಿತ್ತು. ಅಣವೀರಪ್ಪನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಕೂದಲಿಗೆ ಬಳಿದರು. ಮೀಸೆಗೆ ಬಳಿದರು. ಉಳಿದದ್ದು ವ್ಯರ್ಥವಾಗಬಾರದೆಂದು ಹುಬ್ಬಿಗೂ ಬಳಿದರು. ವಾರಿಜಾ ಸ್ನೋ ಪೌಡರ್ ತಂದು, "ಅಣ್ಣ, ಕಣ್ಣು ಮುಚ್ಚಿ" ಎಂದಳು. ಅವನು ಮಗುವಿನಂತೆ ಕಣ್ಣು ಮುಚ್ಚಿದ. ಮೋನಪ್ಪ ತನ್ನ ಮದುವೆಯ ಕೋಟು ತಂದು ತೊಡಿಸಿದ. ಗುಂಡಿ ಹಾಕಿದರೆ ಉಸಿರಾಡುವಂತಿಲ್ಲ, ಉಸಿರಾಡಿದರೆ ಗುಂಡಿ ಉಳಿಯುವಂತಿಲ್ಲ, ಅಷ್ಟು ಬಿಗಿ.

ಶೇಖರ ಹೇಳಿದ್ದು ಅವನಿಗೆ ಮರೆತಿರಲಿಲ್ಲ. ಆದರೆ ಮೂವರು ಅವನ ಸುತ್ತ ನಿಂತು, ಅವನೊಬ್ಬನನ್ನೇ ನೋಡುತ್ತ, ಇನ್ನೊಂದು ಸ್ವಲ್ಪ ಎಡಕ್ಕೆ, ಇನ್ನೊಂದು ಸ್ವಲ್ಪ ಬಲಕ್ಕೆ ಎನ್ನುತ್ತಿರುವಾಗ, ನಿಲ್ಲಿಸಿ ಎನ್ನುವ ಮನಸ್ಸು ಎಲ್ಲಿಂದ ತರಬೇಕು?

ಊಟ ಮುಗಿಸಿ ಬಿಲ್ಡಿಂಗಿನ ದಿಬ್ಬಣ ಹೊರಟಿತು. ಹೆಂಗಸರು ಲೇಡೀಸ್ ಡಬ್ಬಿ ಹತ್ತಿದರು, ಗಂಡಸರು ಮಕ್ಕಳು ಈಚೆಯ ಡಬ್ಬಿ. ಭಾಂಡುಪ್ ದಾಟುವಾಗ ಅಣವೀರಪ್ಪನಿಗೆ ಮೇಲ್ದುಟಿ ತುರಿಸಿತು. ವಿಕ್ರೋಲಿಯಲ್ಲಿ ಉರಿಯಿತು. ಕುರ್ಲಾ ಬರುವಷ್ಟರಲ್ಲಿ ಮೀಸೆಯ ಕೆಳಗಿನ ಜಾಗವೆಲ್ಲ ಹೋಟೆಲಿನ ಬನ್ಸಿನಂತೆ ಉಬ್ಬಿತು. ಬರೀ ಉಬ್ಬಿದ್ದರೆ ಹೋಗಲಿ, ಅದು ತುಟಿಯ ಎರಡು ಕೊನೆಗಳನ್ನೂ ಮೇಲಕ್ಕೆಳೆದುಬಿಟ್ಟಿತು. ಅಣವೀರಪ್ಪನ ಮುಖದ ಮೇಲೆ ಒಂದು ದೊಡ್ಡ ನಗು ಬಂದು ಕೂತಿತು. ಅದು ಇಳಿಯುವ ಲಕ್ಷಣವಿರಲಿಲ್ಲ.

ಬಾಗಿಲ ಬಳಿ ಜೋತಿದ್ದ ಒಬ್ಬ ಅವನ ಕೋಟು, ಪೌಡರು, ನಗು ನೋಡಿ ಮದುಮಗನೆಂದೇ ತಿಳಿದು, "ಚಾಚಾ, ಶಾದೀ ಹೈ ಕ್ಯಾ?" ಎಂದ.

"ನಾಟಕ ಹೈ, ನಾಟಕ," ಎಂದು ಮೋನಪ್ಪ ಹೆಮ್ಮೆಯಿಂದ ಹೇಳಿದ. ಇಳಿದ ಮೇಲೆ ಅವನು ಎಲ್ಲರನ್ನೂ ಮಾಟುಂಗದ ಪರಿಚಯದ ಹೋಟೆಲಿಗೆ ಎಳೆದುಕೊಂಡು ಹೋದ. ಪರಿಚಯದವರು ಮಜ್ಜಿಗೆ ಕೊಟ್ಟರು, ಕಾಫಿ ಕೊಟ್ಟರು, ಮತ್ತೆ ಮಜ್ಜಿಗೆ ಕೊಟ್ಟರು. ಯಾವುದಕ್ಕೂ ಬೇಡವೆನ್ನುವುದು ಹೋಟೆಲಿನವರಲ್ಲಿ ಮರ್ಯಾದೆಯಲ್ಲವೆಂದು ಮೋನಪ್ಪ ಎಲ್ಲವನ್ನೂ ಕುಡಿದ. ಅಣವೀರಪ್ಪನ ತುಟಿಗೆ ಲೋಟ ಹತ್ತುವಂತಿರಲಿಲ್ಲ.

ಹಾಲ್‌ನ ಹಿಂಬಾಗಿಲಲ್ಲಿ ಶೇಖರ ಕಾಯುತ್ತಿದ್ದ. ಅಣವೀರಪ್ಪನನ್ನು ದಾಟಿ ಅವನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿದ. ಆಮೇಲೆ ಗುರುತು ಹತ್ತಿತು.

"ಸರ್... ನಿಮ್ಮ ಮುಖ ಎಲ್ಲಿ?"

"ಇದೇ ಅದರಿ."

"ಇದಲ್ಲ. ಬುಧವಾರದ್ದು!"

"ಬಿಲ್ಡಿಂಗಿನವರು ಸ್ವಲ್ಪ..."

"ಸರ್, ಪ್ಲೀಸ್, ನಗಬೇಡಿ. ನನ್ನ ಲೈಫು ಹೋಗ್ತಾ ಇದೆ, ನೀವು ನಗ್ತಿದ್ದೀರಿ."

"ನಗಲಿಕ್ಕತ್ತಿಲ್ರಿ. ಬಾತದ."

ಐಸ್ ತರಿಸಿ ತುಟಿಗೆ ಒತ್ತಿದರು. ನಗು ತಣ್ಣಗಾಯಿತೇ ಹೊರತು ಇಳಿಯಲಿಲ್ಲ. ಸೋಪು ಹಚ್ಚಿ ತಿಕ್ಕಿದರೆ ಕಲಪು ಅರ್ಧ ಮಾತ್ರ ಬಿಟ್ಟು ಕೆನ್ನೆಗೆ ಹರಡಿತು. ಅದರ ಮೇಲೆ ಮತ್ತೆ ಪೌಡರ್ ಹಾಕಬೇಕಾಯಿತು. ನೃತ್ಯದ ಹುಡುಗಿ ಪ್ರಫುಲ್ಲಾ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದವಳು ಒಮ್ಮೆ ತಲೆಯೆತ್ತಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಹೊರಗೆ ಜನ ಕೂತಾಗಿತ್ತು. ಮುಂದಿನ ಸಾಲನ್ನು ಬಿಲ್ಡಿಂಗಿನವರೇ ಹಿಡಿದಿದ್ದರು.

ಶೇಖರ ಎರಡು ಕೈಯಲ್ಲಿ ಗಡ್ಡ ಹಿಡಿದುಕೊಂಡು ಯೋಚಿಸಿದ. ಆಮೇಲೆ ಕುರ್ಚಿಯನ್ನು ಎತ್ತಿ ಹಿಂದುಮುಂದಾಗಿ ಇಟ್ಟ.

"ನೀವು ಜನರಿಗೆ ಬೆನ್ನು ಹಾಕಿ ಕೂತ್ಕೊಳ್ಳಿ. ಒಂಟಿ ಮನುಷ್ಯ ಲೋಕಕ್ಕೆ ಬೆನ್ನು ತೋರಿಸ್ತಾನೆ. ಇದೇ ಇನ್ನೂ ಚೆನ್ನಾಗಿದೆ. ಮುಖ ಪೇಂಟರ್‌ಗೆ ಮಾತ್ರ ಕಾಣುತ್ತೆ, ಅವನು ಹೇಗೋ ನೋಡ್ಕೋತಾನೆ. ಏನೇ ಆಗಲಿ, ದೀಪ ಆರೋವರೆಗೆ ತಿರುಗಬೇಡಿ, ಏಳಬೇಡಿ."

ಬಿಲ್ಡಿಂಗಿನವರು ಅಷ್ಟೊಂದು ಶ್ರಮಪಟ್ಟು ಮಾಡಿದ ಮುಖ ಅವರಿಗೇ ಕಾಣುವುದಿಲ್ಲವಲ್ಲ ಎಂದು ಅಣವೀರಪ್ಪನಿಗೆ ಸಂಕಟವಾಯಿತು.

ಪರದೆ ಸರಿಯಿತು. ಎದುರಿಗೆ ಗೋಡೆಯಷ್ಟು ದೊಡ್ಡ ಬಿಳಿಯ ಬಟ್ಟೆ. ಅದರ ಮುಂದೆ ಕುಂಚ ಹಿಡಿದು ನಿಂತಿದ್ದವನು ಸಾಯಬಣ್ಣ, ಕಲಾಶಾಲೆ ಮುಗಿಸಿದ ಒರಟು ಕೂದಲಿನ ಯುವಕ. ಒಂದು ಮಗ್ಗುಲಿಗೆ ನೀಲಾಬಾಯಿಯೆಂಬ ಗಾಯಕಿ ತಂಬೂರಿ ತಬಲದವರ ನಡುವೆ ಕೂತು ಮೆಲ್ಲಗೆ ಆಲಾಪ ತೆಗೆದಳು. ಪ್ರಫುಲ್ಲಾ ಅಂಗೈ ಮೇಲೆ ಬಣ್ಣದ ಬಟ್ಟಲುಗಳನ್ನಿಟ್ಟುಕೊಂಡು ಕುಣಿಯುತ್ತ ಬಂದು, ಸ್ವರ ಬದಲಾದಂತೆ ಒಂದೊಂದೇ ಬಣ್ಣವನ್ನು ಸಾಯಬಣ್ಣನ ಮುಂದೆ ಒಡ್ಡಬೇಕು. ಅವನು ಅದರಲ್ಲೇ ಕುಂಚ ಅದ್ದಿ ಬರೆಯಬೇಕು. ಮೊದಲ ಸುತ್ತಿನಲ್ಲೇ ನೀಲಿ ಬಣ್ಣದ ಒಂದು ತುಳುಕು ಮೋನಪ್ಪನ ಮದುವೆಯ ಕೋಟಿನ ಮೇಲೆ ಬಿತ್ತು. ಅಣವೀರಪ್ಪ ಅಲುಗಲಿಲ್ಲ.

ಸಾಯಬಣ್ಣ ತಿರುಗಿ ಅವನನ್ನು ನೋಡಿದ. ಹುಬ್ಬು ಗಂಟಿಕ್ಕಿದ. ಮತ್ತೊಮ್ಮೆ ನೋಡಿದ. ಕುಂಚ ಗಾಳಿಯಲ್ಲೇ ನಿಂತಿತು. ಆಮೇಲೆ ಅವನ ಕಣ್ಣು ಅಣವೀರಪ್ಪನ ತಲೆಯ ಮೇಲಿನಿಂದ ಎಲ್ಲೋ ಹೋಗಿ ನೆಟ್ಟಿತು. ಅವನ ಮುಖವೇ ಬದಲಾಯಿತು. ಬಟ್ಟೆಯ ಕಡೆ ಹೊರಳಿ ಗೆರೆ ಎಳೆಯತೊಡಗಿದ.

ಕಲಾವಿದರು ಹೀಗೆಯೇ, ಮುಖ ಬಿಟ್ಟು ಅದರಾಚೆಗೆ ಏನನ್ನೋ ನೋಡುತ್ತಾರೆ ಎಂದುಕೊಂಡ ಅಣವೀರಪ್ಪ.

ತಬಲ ಸೇರಿಕೊಂಡಿತು. ನಿಧಾನದ ಪೆಟ್ಟು. ಧಪ್, ಧಪ್. ಲಕ್ಷ್ಮವ್ವ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಹಾಸಿಗೆಯವರೆಗೂ ಬರುತ್ತಿದ್ದ ಸಪ್ಪಳ ಅದೇ. ಆ ಸಪ್ಪಳ ನಿಂತರೆ ಅವನಿಗೆ ಎಚ್ಚರವಾಗುತ್ತಿತ್ತು. ಅಣವೀರಪ್ಪನ ಕಣ್ಣು ತುಂಬಿ ಬಂತು. ಜನರ ಕಡೆ ಬೆನ್ನಿದ್ದುದರಿಂದ ಒರೆಸಿಕೊಳ್ಳುವ ಅಗತ್ಯವೂ ಇರಲಿಲ್ಲ. ನೀರು ಪೌಡರನ್ನು ಕೊರೆದುಕೊಂಡು, ಕಲಪನ್ನು ಕರಗಿಸಿಕೊಂಡು, ನಗುತ್ತಿರುವ ತುಟಿಯ ಮೇಲಿನಿಂದ ಇಳಿಯಿತು.

ಬಟ್ಟೆಯ ಮೇಲೆ ಎರಡು ಕಣ್ಣು ಮೂಡಿದವು. ಅಬ್ಬಾ, ಎಂಥ ಕಣ್ಣು! ಏನನ್ನೋ ಹೇಳಬೇಕು, ಹೇಳಲಾರೆ. ಎದ್ದು ಹೋಗಬೇಕು, ಏಳಲಾರೆ ಎನ್ನುವ ಕಣ್ಣು. ಅಣವೀರಪ್ಪ ಬೆರಗಾಗಿ ನೋಡಿದ. ತಾನು ಹೀಗಿದ್ದೇನೆಯೇ? ಕನ್ನಡಿಯಲ್ಲಿ ಎಂದೂ ಕಾಣದ್ದನ್ನು ಈ ಹುಡುಗ ಕಂಡನಲ್ಲ. ಈ ಚಿತ್ರ ಬಿಲ್ಡಿಂಗಿನವರಿಗೆಲ್ಲ ಕಾಣುತ್ತಿದೆ, ಇನ್ನು ತಾನು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ ಎಂದು ಅವನ ಎದೆ ಹಗುರಾಯಿತು. ನಾಳೆಯಿಂದ ಅವರು ಬರುತ್ತಾರೆ. ಬಾಗಿಲು ತಟ್ಟುತ್ತಾರೆ.

ಆಮೇಲೆ ಮೂಗು ಬಂತು. ದಪ್ಪ ಮೂಗು. ಅಣವೀರಪ್ಪ ತನ್ನ ಮೂಗಿನ ತುದಿಯನ್ನು ನೋಡಿಕೊಳ್ಳಲು ಕಣ್ಣು ಕೆಳಗಿಳಿಸಿದ. ಪ್ರಯೋಗವಲ್ಲವೇ, ಇರಬಹುದು. ಕೆನ್ನೆ ಬಂತು, ಗುಂಡಗಿತ್ತು. ತಲೆ ಬಂತು, ಮುಂದಲೆ ಬೋಳಾಗಿತ್ತು. ಆ ಬೋಳನ್ನು ಅವನು ದಿನಾ ಮೆಟ್ಟಿಲ ಮೇಲೆ ನೋಡುತ್ತಿದ್ದ.

"ಅಯ್ಯ!" ಹಿಂದಿನಿಂದ ಕಸ್ತೂರಿಬಾಯಿಯ ದನಿ ತಂಬೂರಿಯನ್ನು ಸೀಳಿಕೊಂಡು ಬಂತು. "ಇದು ಮೋನಪ್ಪನ ಮಾರಿ!"

ಹಾಲ್‌ನಲ್ಲಿ ಗುಜುಗುಜು ಎದ್ದಿತು. ಯಾರೋ ಮೊದಲ ಸಾಲಿಗೆ ಟಾರ್ಚ್ ಬಿಟ್ಟರು. ಚಿತ್ರದಲ್ಲಿದ್ದ ಮುಖವೇ ಅಲ್ಲಿ ಕೂತಿತ್ತು. ಅದೇ ಕಣ್ಣು, ಅದೇ ನೋವು, ತೊಡೆಯ ಮೇಲೆ ನಿದ್ದೆಹೋದ ಕಿರಿಯ ಮಗಳು. ವಾರಿಜಾ ಗಂಡನನ್ನು ನೋಡಿದಳು, ಚಿತ್ರವನ್ನು ನೋಡಿದಳು, "ಅಯ್ಯೋ ದೇವರೇ, ಇಷ್ಟು ವರ್ಷ ನನಗೆ ಗೊತ್ತೇ ಆಗ್ಲಿಲ್ಲವಲ್ಲ!" ಎಂದು ಅಳತೊಡಗಿದಳು. ಮಗು ಎದ್ದು ಅತ್ತಿತು. ಅತ್ತೆಯೂ ಸೇರಿಕೊಂಡಳು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಂಟಿ ಮನುಷ್ಯ ಸ್ಟೇಜಿನ ಮೇಲಿಲ್ಲ, ನಮ್ಮ ನಡುವೆಯೇ ತುಂಬಿದ ಸಂಸಾರದೊಳಗೆ ಕೂತಿದ್ದಾನೆ! ಎಂಥ ಕಲ್ಪನೆ! ನೋಡಲು ಬಂದವರನ್ನೇ ನಾಟಕದೊಳಗೆ ಎಳೆದುಕೊಂಡರಲ್ಲ! ಶೇಖರ ಒಂದು ಕ್ಷಣ ಬಾಯಿ ತೆರೆದು ನಿಂತವನು, ಆಮೇಲೆ ಎಲ್ಲವೂ ತಾನು ಅಂದುಕೊಂಡಂತೆಯೇ ಆಯಿತೆಂಬಂತೆ ತಲೆಬಾಗಿ ಕೈಮುಗಿದ. ಮೋನಪ್ಪನನ್ನು ಸ್ಟೇಜಿಗೆ ಎಳೆದು ಹೂಮಾಲೆ ಹಾಕಿದರು. ಅವನು ಕಾಲಿನ ಮೇಲೆ ಕಾಲು ಹೊಸೆಯುತ್ತ, ತುಟಿ ಕಚ್ಚಿಕೊಂಡು, ಆ ನೋವಿನ ಕಣ್ಣುಗಳಿಂದ ಬಾಗಿಲ ಕಡೆ ನೋಡುತ್ತಿದ್ದ. ಅದನ್ನು ಕಂಡು ಹೆಂಗಸರು ಮತ್ತಷ್ಟು ಕಣ್ಣೊರೆಸಿಕೊಂಡರು. ಮಾಲೆ ಹಾಕಿದ್ದೇ ತಡ ಅವನು ಎಲ್ಲರನ್ನೂ ಸರಿಸಿಕೊಂಡು ಓಡಿದ.

"ಪಾಪ, ತಡಕೊಳ್ಳಾಕ ಆಗಲಿಲ್ಲ ಅವಂಗ," ಎಂದಳು ಕಸ್ತೂರಿಬಾಯಿ.

ಅಣವೀರಪ್ಪ ಕುರ್ಚಿಯಲ್ಲೇ ಇದ್ದ. ದೀಪ ಇನ್ನೂ ಆರಿರಲಿಲ್ಲ.

ಎಲ್ಲ ಮುಗಿದ ಮೇಲೆ ಸಾಯಬಣ್ಣ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. "ಬ್ಯಾಸರ ಮಾಡ್ಕೋಬ್ಯಾಡ್ರಿ ಕಾಕಾ. ನೀವು ನಗಲಿಕ್ಕತ್ತಿದ್ರಿ. ಏನ್ ಬರೀಲಿ ಅಂತ ತಲಿ ಎತ್ತಿದ್ರ, ನಿಮ್ಮ ಹಿಂದ ಮೊದಲ ಸಾಲಿನ್ಯಾಗ, ಸ್ಟೇಜಿನ ಬೆಳಕು ಬಿದ್ದಲ್ಲಿ, ಒಬ್ಬರು ಕುಂತಿದ್ರು. ಅಂಥಾ ಸಂಕಟದ ಮಾರಿ ನಾ ಜನ್ಮದಾಗ ನೋಡಿಲ್ಲ."

"ಚಿತ್ರ ನನಗ ಕೊಡ್ತೀವಿ ಅಂದಿದ್ರಿ," ಎಂದ ಅಣವೀರಪ್ಪ ಮೆಲ್ಲಗೆ.

ಶೇಖರನಿಗೆ ನಾಚಿಕೆಯಾಯಿತು. "ಸರ್, ಅವರ ಮುಖ ಅಲ್ವಾ... ಅವರ ಮನೆಯವರು ಕೇಳಿದ್ರು. ಅವರೆಲ್ಲ ಆಗಲೇ ಟ್ಯಾಕ್ಸಿ ಮಾಡ್ಕೊಂಡು ಹೋದ್ರು. ನೀವು ಅದೇ ಬಿಲ್ಡಿಂಗ್ ತಾನೆ? ಸ್ವಲ್ಪ ತಲುಪಿಸ್ತೀರಾ?"

ಬಟ್ಟೆಯನ್ನು ಬಿದಿರಿಗೆ ಸುತ್ತಿ ಅವನ ಹೆಗಲ ಮೇಲಿಟ್ಟರು. ಲೋಕಲ್ಲಿನಲ್ಲಿ ಅದು ಯಾವ ಕಡೆಗೂ ಹಿಡಿಸಲಿಲ್ಲ. ನಿಲ್ಲಿಸಿದರೆ ಫ್ಯಾನಿಗೆ, ಮಲಗಿಸಿದರೆ ಜನರ ಹೊಟ್ಟೆಗೆ. ಪ್ರತಿ ಸ್ಟೇಶನ್ನಿನಲ್ಲೂ ಹತ್ತುವವರು ಇಳಿಯುವವರು ಅವನಿಗೆ ಎರಡು ಮೂರು ಭಾಷೆಗಳಲ್ಲಿ ಬೈದರು. ಅವನು ನಗುತ್ತಿದ್ದುದರಿಂದ ಅವರಿಗೆ ಇನ್ನಷ್ಟು ಸಿಟ್ಟು ಬಂತು.

ಮೋನಪ್ಪನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಲ್ಡಿಂಗಿನ ಅರ್ಧ ಜನ ಅಲ್ಲಿದ್ದರು. ಮೋನಪ್ಪನನ್ನು ಮಂಚದ ಮೇಲೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಿದ್ದರು. ಅತ್ತೆ ಬೀಸಣಿಗೆ ಬೀಸುತ್ತಿದ್ದಳು. ಭಾವಮೈದ, ಆಶ್ಚರ್ಯವೆಂದರೆ, ಅವನ ಕಾಲು ಒತ್ತುತ್ತಿದ್ದ.

ಅಣವೀರಪ್ಪನನ್ನು ಕಂಡದ್ದೇ ಮೋನಪ್ಪ, "ಎಲ್ಲ ಒಂದು ಗಳಿಗೆ ಹೊರಗೆ ಹೋಗಿ. ಇವರ ಹತ್ತಿರ ಮಾತಾಡ್ಲಿಕ್ಕುಂಟು" ಎಂದ. ಎಲ್ಲರೂ ತುದಿಗಾಲಲ್ಲಿ ಹೊರಗೆ ಹೋದರು.

"ಅಣವೀರಪ್ಪನವರೇ, ನನಗೆ ಒಂಟಿತನವೂ ಇಲ್ಲ, ಎಂತ ಮಣ್ಣೂ ಇಲ್ಲ ಮಾರಾಯ್ರೆ," ಎಂದ ಮೋನಪ್ಪ ಪಿಸುದನಿಯಲ್ಲಿ. "ನನಗೆ ಬಾತ್‌ರೂಮಿಗೆ ಹೋಗ್ಬೇಕಿತ್ತು."

"ಏನಂದ್ರಿ?"

"ಆ ಹೋಟೆಲಿನವ ಮಜ್ಜಿಗೆ ಕುಡಿಸಿದ್ನಲ್ಲ! ಮಗು ಕಾಲ ಮೇಲೆ ಮಲಗಿತ್ತು. ಎದ್ದರೆ ಇಡೀ ಸಾಲು ಏಳ್ಬೇಕು. ಕತ್ತಲೆ ಬೇರೆ. ಆ ಅಮ್ಮ ಆಲಾಪ ನಿಲ್ಲಿಸುವುದೇ ಇಲ್ಲ. ಈಗ ನಿಲ್ಲಿಸ್ತಾರೆ, ಈಗ ನಿಲ್ಲಿಸ್ತಾರೆ ಅಂತ ಕಾದು ಕಾದು ನನ್ನ ಜೀವ ಕಣ್ಣಿಗೆ ಬಂದಿತ್ತು. ಅದನ್ನೇ ಅವ ಬರೆದದ್ದು."

ಅಣವೀರಪ್ಪನಿಗೆ ನಗು ಬಂತು. ಊದಿದ ತುಟಿ ನೋಯುವವರೆಗೆ ನಕ್ಕ. ಮೋನಪ್ಪನೂ ನಕ್ಕ. ಎಷ್ಟೋ ದಿನದ ಮೇಲೆ ಒಬ್ಬರ ಜೊತೆ ಕೂತು ನಕ್ಕಂತಾಯಿತು. ಅಷ್ಟರಲ್ಲಿ ಮೋನಪ್ಪ ಅವನ ಕೈ ಹಿಡಿದುಕೊಂಡ.

"ಆದರೆ ಯಾರಿಗೂ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೇನೆ. ನನ್ನ ಮನೆಯಲ್ಲಿ ನನಗೆ ಕೂತ್ಕೊಳ್ಳಲಿಕ್ಕೆ ಜಾಗ ಸಿಕ್ಕಿದ್ದೇ ಇವತ್ತು. ಮೀನಿನ ದೊಡ್ಡ ತುಂಡು ಮೊದಲು ನನಗೇ ಹಾಕಿದ್ರು. ನನ್ನತ್ತೆ 'ಅಳಿಯಂದಿರೇ' ಅಂದ್ರು, ಗೊತ್ತುಂಟಾ? ಸ್ವಲ್ಪ ದಿನ ಹೀಗೇ ಇರಲಿ."

"ಆಯ್ತು. ಹೇಳಂಗಿಲ್ಲ," ಎಂದ ಅಣವೀರಪ್ಪ.

ಹೊರಗೆ ಕಸ್ತೂರಿಬಾಯಿ ಬಾಗಿಲಿಗೇ ಅಂಟಿಕೊಂಡಂತೆ ನಿಂತಿದ್ದಳು. "ಏನಂದ? ಅತ್ತನೇನು?"

ಅಣವೀರಪ್ಪ ಹಿಂದಿರುಗಿ ನೋಡಿದ. ಮೋನಪ್ಪ ಮಂಚದ ಮೇಲಿಂದ ಕೈಮುಗಿಯುತ್ತಿದ್ದ.

"ಹೌದು ಕಾಕೂ. ಭಾಳ ಅತ್ತರು."

"ಮಂದಿ ನಡುವ ಇದ್ದೂ ಒಂಟಿ ಆಗೋದು ಇನ್ನಾ ಕಷ್ಟ. ನಿನ್ನಂಥವ್ರಿಗಿ ರೂಢಿ ಆಗಿರ್ತದ, ನಡೀತದ." ಕಸ್ತೂರಿಬಾಯಿ ಮೂಗೊರೆಸಿಕೊಂಡಳು. "ನಾವೆಲ್ಲಾ ಮಾತಾಡ್ಕೊಂಡೀವಿ. ಇನ್ನ ಮ್ಯಾಲ ಅವನ್ನ ಒಂದು ಗಳಿಗಿ ಒಬ್ಬನ್ನ ಬಿಡಬಾರದು. ದಿನಾ ಸಂಜಿಕ್ಕ ಒಬ್ಬೊಬ್ಬರು ಬಂದು ಕುಂದ್ರೋದು. ನಿನಗರ ಮನಿಯಾಗ ಯಾರಿದ್ದಾರ? ಐತವಾರ ಇಡೀ ದಿನ ನಿಂದು."

ಅಣವೀರಪ್ಪನಿಗೆ ಒಳಗೊಳಗೇ ಖುಷಿಯಾಯಿತು. ಮೋನಪ್ಪನ ಹೆಸರಿನಲ್ಲಾದರೂ ಆಗಲಿ, ವಾರಕ್ಕೊಂದು ದಿನ ಮಂದಿಯಿರುವ ಮನೆಯಲ್ಲಿ ಕೂರಬಹುದು. ಆರು ದಿನ ಅದನ್ನೇ ನೆನೆಸಿಕೊಂಡು ಕೆಲಸ ಮಾಡಿದ. ತುಟಿ ಇಳಿದು ಮುಖ ಮತ್ತೆ ಬುಧವಾರದ ಮುಖವಾಯಿತು. ಭಾನುವಾರ ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು ಪಕ್ಕದ ಬಾಗಿಲು ತಟ್ಟಿದ.

ಎಲ್ಲರೂ ಹೊರಡುವ ಸಡಗರದಲ್ಲಿದ್ದರು. ಮಕ್ಕಳು ಚಪ್ಪಲಿ ಹುಡುಕುತ್ತಿದ್ದರು. ವಾರಿಜಾ ಬುತ್ತಿ ಕಟ್ಟುತ್ತಿದ್ದಳು.

"ಬಂದ್ರಾ ಅಣ್ಣ? ಒಳ್ಳೇದಾಯ್ತು. ಇವರ ಮನಸ್ಸಿಗೆ ಸ್ವಲ್ಪ ಹಗುರ ಆಗ್ಲಿ ಅಂತ ಎಲ್ಲ ಸೇರಿ ಜುಹೂ ಬೀಚಿಗೆ ಕರ್ಕೊಂಡು ಹೋಗ್ತಾ ಇದ್ದೇವೆ. ಕಾಕೂನೂ ಬರ್ತಾರೆ. ಬಾಗಿಲಿನ ಬೀಗ ಕೆಟ್ಟಿದೆ, ನೀವು ಇಲ್ಲೇ ಕೂತಿರ್ತೀರಾ?"

ಮೋನಪ್ಪ ಹೊಸ ಅಂಗಿಯಲ್ಲಿ, ಅಗತ್ಯಕ್ಕೆ ತಕ್ಕಷ್ಟು ದುಃಖದ ಮುಖ ಮಾಡಿಕೊಂಡು, ಅತ್ತೆಯ ಕೈ ಹಿಡಿದು ಮೆಟ್ಟಿಲಿಳಿದ. ಗದ್ದಲ ಒಂದೊಂದೇ ಮಾಳಿಗೆ ಇಳಿದು ರಸ್ತೆಗೆ ಹೋಯಿತು.

ಅಣವೀರಪ್ಪ ಕುರ್ಚಿ ಎಳೆದುಕೊಂಡು ಕೂತ. ಎದುರಿನ ಗೋಡೆಯನ್ನೆಲ್ಲ ಆ ಚಿತ್ರವೇ ತುಂಬಿಕೊಂಡಿತ್ತು.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅವನು ಓಡಿಹೋಗಿ ತೆರೆದ. ನಡುವಯಸ್ಸಿನ ದಂಪತಿ. ವಿಲೆ ಪಾರ್ಲೆಯಿಂದ ಬಂದವರು. ಕೈಯಲ್ಲಿ ಮಿಠಾಯಿಯ ಪೊಟ್ಟಣ.

"ಹೋದ ವಾರ ಮಾಟುಂಗದಲ್ಲಿ ಆಟ ನೋಡಿದ್ವಿ. ಶೇಖರ ಅವರು ವಿಳಾಸ ಕೊಟ್ರು," ಎಂದರು ಗಂಡ. "ಆ ಒಂಟಿ ಮನುಷ್ಯರ ಮನೆ ಇದೇ ತಾನೆ? ಅವರಿದ್ದಾರಾ?"

"ಇಲ್ಲರಿ. ಹೆಂಡ್ತಿ ಮಕ್ಕಳು, ಬಿಲ್ಡಿಂಗಿನ ಮಂದಿ ಎಲ್ಲಾ ಕೂಡಿ ಜುಹೂಕ್ಕ ಕರ್ಕೊಂಡು ಹೋಗ್ಯಾರ."

ಹೆಂಗಸು ಅವನ ಭುಜದಾಚೆಗೆ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡರು. "ಪಾಪ, ಒಬ್ಬರನ್ನೇ ಬಿಡಬೇಡಿ ಅವರನ್ನ. ಇದು ಅವರ ಕೈಗೇ ಕೊಡಿ."

ಅಣವೀರಪ್ಪ ಪೊಟ್ಟಣ ತೆಗೆದುಕೊಂಡು ಒಳಗಿಡಲೆಂದು ತಿರುಗಿದ. ಹಿಂದಿನಿಂದ ಆ ಹೆಂಗಸಿನ ದನಿ ಕೇಳಿತು.

"ಏನೂಂದ್ರೆ, ಈ ಬೆನ್ನು ನೋಡಿ! ಇವರೇ ಅಲ್ವಾ ಅವತ್ತು ಕುರ್ಚಿ ಮೇಲೆ ಕೂತಿದ್ದವರು?"

"ಓ, ಹೌದಲ್ಲ!" ಗಂಡ ಸಂತೋಷದಿಂದ ಅವನ ಕೈ ಕುಲುಕಿದರು. "ತುಂಬ ಚೆನ್ನಾಗಿ ಕೂತಿದ್ರಿ."

ಅಣವೀರಪ್ಪ ಕೈಮುಗಿದ. ಅವರು ಮೆಟ್ಟಿಲಿಳಿಯುವ ಸಪ್ಪಳ ಕೇಳಿಸುವವರೆಗೂ ಬಾಗಿಲಲ್ಲಿ ನಿಂತಿದ್ದು, ಒಳಗೆ ಬಂದು ಮತ್ತೆ ಕೂತ.